ರಾಜಕುಮಾರ್ ಪಾಲಿಗೆ ಬಂದ ಹಾವೇರಿ

ಬ್ಯಾಡಗಿ ಅಂದರೆ ಮೆಣಸಿನಕಾಯಿ. ಸುಕ್ಕುಸುಕ್ಕಾದ ಆ ಕಡುಗೆಂಪು ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಮೆಣಸಿನಕಾಯಿಯ ಹೆಸರು ಹೊರನಾಡಿಗೆ ಹೋಗುವುದಕ್ಕೆ ಬಹಳ ಹಿಂದೆಯೇ ಇದೇ ತಾಲ್ಲೂಕಿನ ಒಂದು ಊರು ಕವಿಯೊಬ್ಬನ ಅಂಕಿತದಲ್ಲಿ ಸೇರಿಕೊಂಡು ಕನ್ನಡ ನಾಡನ್ನೆಲ್ಲ ಸುತ್ತಿ ಬಂದಿತ್ತು. ಆ ಊರು ಕಾಗಿನೆಲೆ, ಆ ಕವಿ ಕನಕದಾಸ. 1960ರಲ್ಲಿ ಕನಕದಾಸ ಸಿನಿಮಾ ಪರದೆಯ ಮೇಲೆ ಬಂದ. ಅವನ ಪಾತ್ರ ಕಟ್ಟಿದವರು ಕಾಗಿನೆಲೆಯವರಲ್ಲ, ಧಾರವಾಡ ಕಡೆಯವರೂ ಅಲ್ಲ. ಕನ್ನಡ ನಾಡಿನ ದಕ್ಷಿಣದ ಅಂಚಿನ ಗಾಜನೂರಿನ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜ, ಅಂದರೆ ರಾಜಕುಮಾರ್.

ರಾಜಕುಮಾರ್ ಅವರ ಚಿತ್ರಜೀವನದ ಬಗ್ಗೆ ಬರೆದವರು ಬಹಳ ಮಂದಿ. ಹೆಚ್ಚಿನವರು ಮೈಸೂರಿನಲ್ಲಿ, ಬೆಂಗಳೂರಿನಲ್ಲಿ, ಮದರಾಸಿನಲ್ಲಿ ನಿಂತು ನೋಡಿದ್ದಾರೆ. ಗುಬ್ಬಿ ಕಂಪನಿಯಿಂದ ‘ಬೇಡರ ಕಣ್ಣಪ್ಪ’ದವರೆಗೆ, ಅಲ್ಲಿಂದ ‘ಬಂಗಾರದ ಮನುಷ್ಯ’ದವರೆಗೆ ಒಂದು ದಾರಿ ಎಲ್ಲರಿಗೂ ಬಾಯಿಪಾಠ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಕಡೆಯಿಂದ ಅದೇ ಜೀವನವನ್ನು ನೋಡಿದರೆ ಬೇರೊಂದು ದಾರಿಯೂ ಕಾಣುತ್ತದೆ. ಅವರ ಬಾಳಿನ ಮುಖ್ಯ ತಿರುವುಗಳಲ್ಲಿ ಈ ನೆಲದವರೊಬ್ಬರು ಮತ್ತೆ ಮತ್ತೆ ಎದುರಾಗುತ್ತಾರೆ. ಬಾಡದ ಕನಕ, ಅಬಲೂರಿನ ಸರ್ವಜ್ಞ, ಸವಣೂರಿನ ವಿನಾಯಕ ಕೃಷ್ಣ ಗೋಕಾಕ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಈ ಊರುಗಳೆಲ್ಲ ಧಾರವಾಡ ಜಿಲ್ಲೆಯ ತೆಂಕಣ ತಾಲ್ಲೂಕುಗಳಲ್ಲಿದ್ದವು. ಅದಕ್ಕೇ ಇರಬೇಕು, ಈ ಮೂವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಯಾರೂ ಲೆಕ್ಕ ಹಾಕಲಿಲ್ಲ.

ಸಿನಿಮಾ ಈ ಕಡೆಗೆ ಬಂದ ದಾರಿಯನ್ನು ಮೊದಲು ತಿಳಿಯಬೇಕು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಬೆಂಗಳೂರು ರೈಲು ಹಳಿಯ ಮೇಲಿನ ಊರುಗಳು. ಮಗ್ಗುಲಲ್ಲೇ ಪೂನಾ–ಬೆಂಗಳೂರು ರಸ್ತೆ, ಜನರ ಬಾಯಲ್ಲಿ ಪಿ.ಬಿ. ರೋಡು. ಸ್ವಾತಂತ್ರ್ಯಕ್ಕೆ ಮೊದಲು ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಾಟಕ, ಸಂಗೀತ, ಸಿನಿಮಾದ ಕನಸು ಹೊತ್ತವರು ಆ ರಸ್ತೆಯಲ್ಲಿ ಬಡಗಣಕ್ಕೆ ಮುಖ ಮಾಡಿ ನಡೆದರು. ಹುಬ್ಬಳ್ಳಿ ಬಳಿಯ ಅದರಗುಂಚಿಯಲ್ಲಿ ಹುಟ್ಟಿದ ಶಾಂತಾ ಹುಬಳೀಕರ ಕೊಲ್ಲಾಪುರ, ಪುಣೆಗಳಲ್ಲಿ ಬೆಳೆದು 1939ರಲ್ಲಿ ವಿ. ಶಾಂತಾರಾಮ್ ಅವರ ‘ಮಾಣೂಸ್’ ಚಿತ್ರದಲ್ಲಿ ದೇಶವೇ ತಿರುಗಿ ನೋಡುವಂತೆ ನಟಿಸಿದರು. ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ ಹಿಂದಿ ಚಿತ್ರಗಳ ಹಿನ್ನೆಲೆ ಗಾಯನದ ಮೊದಲ ಸಾಲಿನಲ್ಲಿ ನಿಂತರು. ಅಷ್ಟೇ ಏಕೆ, 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಚಿತ್ರೀಕರಣಗೊಂಡದ್ದೂ ಕೊಲ್ಲಾಪುರದಲ್ಲೇ. ಬೆಂಗಳೂರಿಗೆ ಬಂದು ತೆರೆಕಂಡ ಆ ಚಿತ್ರ ಹುಟ್ಟಿದ ಜಾಗ ಹಾವೇರಿಯವರಿಗೆ ಮದರಾಸಿಗಿಂತ ಎಷ್ಟೋ ಹತ್ತಿರದ್ದು.

1956ರ ನವೆಂಬರ್ 1ರಂದು ನಾಡು ಒಂದಾಯಿತು. ರಾಜಧಾನಿ ಬೆಂಗಳೂರಾಯಿತು, ಸಿನಿಮಾದ ಕೆಲಸವೆಲ್ಲ ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲಿ ನಡೆಯತೊಡಗಿತು. ಪಿ.ಬಿ. ರೋಡಿನ ಮಂದಿ ಈಗ ತೆಂಕಣಕ್ಕೆ ತಿರುಗಬೇಕಾಯಿತು. ತಿರುಗಿದವರಿಗೆ ಕಂಡ ಕನ್ನಡ ಚಿತ್ರಗಳ ಮಾತು ಮೈಸೂರು ಕಡೆಯದು, ಉಡುಗೆ ಆ ಕಡೆಯದು, ಹಳ್ಳಿಯೆಂದರೆ ಅದೂ ಆ ಕಡೆಯದೇ. ಹಿಂದಿ, ಮರಾಠಿ ಚಿತ್ರಗಳನ್ನು ನೋಡಿ ರೂಢಿಯಾದ ಪ್ರೇಕ್ಷಕ, ಕನ್ನಡದ ಸಿನಿಮಾ ತನ್ನದು ಎಂದು ಒಪ್ಪಿಕೊಳ್ಳಬೇಕಾದರೆ ಏನೋ ಒಂದು ಬೇಕಿತ್ತು.

ಆ ಒಂದು ಸಿಕ್ಕಿದ್ದು ಭಕ್ತರ ಕಥೆಗಳಲ್ಲಿ. ಭಕ್ತಿಚಿತ್ರಗಳ ಮಾತು ಕಂಪನಿ ನಾಟಕದ ಗ್ರಾಂಥಿಕ ಕನ್ನಡ. ಅದು ಮೈಸೂರಿನದೂ ಅಲ್ಲ, ಧಾರವಾಡದ್ದೂ ಅಲ್ಲ. ಎರಡೂ ಕಡೆಯ ಕಿವಿಗೆ ಒಗ್ಗಿದ್ದು. ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿ, ಆಮೇಲೆ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯಸಂಘ ಇವುಗಳ ನಾಟಕ ನೋಡಿ ಬೆಳೆದ ಜನಕ್ಕೆ ಸಂತನ ಪಾತ್ರ ಹೇಗಿರಬೇಕು, ಹಾಡು ಎಲ್ಲಿ ಎದ್ದೇಳಬೇಕು, ಕಂದಪದ್ಯ ಎಲ್ಲಿ ಮುಗಿಯಬೇಕು ಎಂಬುದೆಲ್ಲ ಗೊತ್ತಿತ್ತು. ಕೀರ್ತನೆ, ವಚನ, ತ್ರಿಪದಿಗಳಂತೂ ಮನೆಮಾತು. ಮದರಾಸಿನಲ್ಲಿ ತಯಾರಾದ ಚಿತ್ರವೊಂದು ಬ್ಯಾಡಗಿಯವನ ಎದೆಗೆ ನೇರವಾಗಿ ಹೋಗಲು ತೆರೆದಿದ್ದ ಬಾಗಿಲು ಇದು.

ರಾಜಕುಮಾರ್ ಬೆಳೆದದ್ದೂ ಇಂಥದೇ ಗರಡಿಯಲ್ಲಿ. 1929ರ ಏಪ್ರಿಲ್ 24ರಂದು ಹುಟ್ಟಿದ ಮುತ್ತುರಾಜನ ತಂದೆ ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ಕಂಪನಿಯ ನಟ. ಹುಡುಗನಿಗೆ ಶಾಲೆ ಹೆಚ್ಚು ಒದಗಲಿಲ್ಲ. ನಾಟಕದ ಬಿಡಾರವೇ ಶಾಲೆಯಾಯಿತು. ಬಾಲನಟನಾಗಿ ಬಣ್ಣ ಹಚ್ಚಿ, ಹಾಡು ಕಲಿತು, ಸಣ್ಣಪುಟ್ಟ ಪಾತ್ರ ಮಾಡುತ್ತ ದೊಡ್ಡವನಾದ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ ಬಂತು. ಮುತ್ತುರಾಜ ರಾಜಕುಮಾರನಾದದ್ದು ಆ ಚಿತ್ರದಿಂದ. ಆದರೆ ಮುಂದಿನ ವರ್ಷಗಳು ಸುಖದವಲ್ಲ. ವರ್ಷಕ್ಕೆ ಬೆರಳೆಣಿಕೆಯ ಕನ್ನಡ ಚಿತ್ರಗಳು ಬರುತ್ತಿದ್ದ ಕಾಲ. ಕೆಲಸ ಸಾಲದೆ ರಾಜಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಸೇರಿ ತಂಡ ಕಟ್ಟಿಕೊಂಡು ನಾಡಿನಲ್ಲಿ ನಾಟಕವಾಡುತ್ತ ತಿರುಗಿದರು. ಬೆಳ್ಳಿತೆರೆಯ ನಾಯಕ ಮತ್ತೆ ರಂಗಮಂಚಕ್ಕೆ ಇಳಿದು ಬೆವರು ಸುರಿಸಿದ. ಹಾಗೆ ಕೂಡಿಸಿದ ಹಣ 1960ರ ‘ರಣಧೀರ ಕಂಠೀರವ’ ಚಿತ್ರಕ್ಕೆ ಬಂಡವಾಳವಾಯಿತು. ಮೈಸೂರಿನ ಅರಸನ ಕಥೆ ಅದು. ಅದೇ ವರ್ಷ ವೈ.ಆರ್. ಸ್ವಾಮಿ ನಿರ್ದೇಶನದ ‘ಭಕ್ತ ಕನಕದಾಸ’ವೂ ತೆರೆಕಂಡಿತು. ನಾಡು ಒಂದಾಗಿ ನಾಲ್ಕೇ ವರ್ಷ ಕಳೆದಿದ್ದಾಗ ಒಬ್ಬನೇ ನಟ ಒಂದೇ ವರ್ಷದಲ್ಲಿ ಮೈಸೂರಿನ ಕಂಠೀರವನೂ ಬಾಡದ ಕನಕನೂ ಆಗಿ ನಿಂತದ್ದು ಕನ್ನಡ ಚಿತ್ರರಂಗದ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಕಡತದ ಮೇಲೆ ಆದ ಏಕೀಕರಣ ಪರದೆಯ ಮೇಲೂ ಆಗತೊಡಗಿದ್ದು ಆ ವರ್ಷವೇ ಎಂದು ಹೇಳಬಹುದು.

ಕನಕನ ಕಥೆ ನಟನಿಗೆ ಸವಾಲು ಹಾಕುವ ಕಥೆ. ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಬೀರೇಗೌಡ, ಬಚ್ಚಮ್ಮ ದಂಪತಿಗೆ ಹುಟ್ಟಿದ ತಿಮ್ಮಪ್ಪ, ಬಂಕಾಪುರ ಸೀಮೆಯ ಡಣ್ಣಾಯಕ. ನೆಲದಲ್ಲಿ ಹೂತಿದ್ದ ಹೊನ್ನಿನ ಕೊಪ್ಪರಿಗೆ ಸಿಕ್ಕು, ಅದನ್ನು ದಾನಧರ್ಮಕ್ಕೆ ಸುರಿದು ಕನಕನಾಯಕನೆನಿಸಿದ ಎಂದು ಜನ ಹೇಳುತ್ತಾರೆ. ಕಾಗಿನೆಲೆಯಲ್ಲಿ ಆದಿಕೇಶವನಿಗೆ ಗುಡಿ ಕಟ್ಟಿಸಿದವನೂ ಅವನೇ ಎಂಬುದು ನಂಬಿಕೆ. ಯುದ್ಧದಲ್ಲಿ ಗಾಯಗೊಂಡು ಬಿದ್ದಾಗ ಹರಿಯ ಕರೆ ಕೇಳಿತು. ಕತ್ತಿ ಬಿಟ್ಟು ತಂಬೂರಿ ಹಿಡಿದ. ವ್ಯಾಸರಾಯರ ಶಿಷ್ಯನಾದ, ಕುಲದ ಮಾತೆತ್ತಿ ಹೀಯಾಳಿಸಿದವರ ನಡುವೆ ಬಾಳಿದ, ಉಡುಪಿಯ ಗುಡಿಯ ಹೊರಗೆ ನಿಂತು ಹಾಡಿದ. ಈ ಕಥೆಯಲ್ಲಿ ನಟನಿಗೆ ಮೊದಲ ಅರ್ಧದಲ್ಲಿ ಎದೆ ಸೆಟೆಸಿದ ನಾಯಕನ ನಡಿಗೆ ಬೇಕು, ಉಳಿದರ್ಧದಲ್ಲಿ ಬಾಗಿದ ದಾಸನ ಮೈ ಬೇಕು. ಬಾಗಿದರೂ ಅದು ದೈನ್ಯವಾಗಬಾರದು, ಏಕೆಂದರೆ ಕನಕ ಅವಮಾನಕ್ಕೆ ತಲೆಬಾಗಿದವನಲ್ಲ. ‘ರಾಮಧಾನ್ಯ ಚರಿತ್ರೆ’ಯಲ್ಲಿ ನೆಲ್ಲಿಗೂ ರಾಗಿಗೂ ಜಗಳ ಹಚ್ಚಿ, ರಾಮನ ಮುಂದೆ ರಾಗಿಯನ್ನು ಗೆಲ್ಲಿಸಿದವನು. ರಾಜಕುಮಾರ್ ಈ ಎರಡು ಮೈಗಳನ್ನೂ ಹಿಡಿದರು. ವಿನಯದ ಒಳಗೆ ಸ್ವಾಭಿಮಾನವನ್ನು ಉಳಿಸಿಕೊಳ್ಳುವ ಆ ನಿಲುವು ಮುಂದೆ ಅವರ ಎಷ್ಟೋ ಸಾಮಾಜಿಕ ಪಾತ್ರಗಳ ಬೆನ್ನೆಲುಬಾಯಿತು. ಅವರು ಹಳ್ಳಿಗಾಡಿನ ಒಳ್ಳೆಯವನಾಗಿ ನಟಿಸಿದ ಚಿತ್ರಗಳನ್ನು ನೋಡುವಾಗ ಕನಕನ ನೆನಪು ಬರುವುದು ಸಹಜ.

ಕನಕದಾಸ ಕುರುಬ ಸಮುದಾಯದ ಮಗ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಗೆ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುವುದನ್ನು ಕೇಳಲು ಸೇರುವ ಜನಸ್ತೋಮದಲ್ಲಿ ಆ ಸಮುದಾಯದ ಭಕ್ತರು ಬಹಳ. ಅಂಥವರ ಪಾಲಿಗೆ ಕನಕ ಪಠ್ಯಪುಸ್ತಕದ ಹೆಸರಲ್ಲ, ಮನೆಯ ಹಿರೀಕ. ತಮ್ಮ ಮನೆಯ ಹಿರೀಕ ಇಷ್ಟು ದೊಡ್ಡ ಪರದೆಯ ಮೇಲೆ, ಇಷ್ಟು ಗೌರವದಿಂದ, ಒಬ್ಬ ನಾಯಕನಟನ ಮೈಯಲ್ಲಿ ಬಂದ ಎಂಬುದು ಆ ಕಾಲಕ್ಕೆ ಕೊಟ್ಟ ಧೈರ್ಯವನ್ನು ಇಂದು ಅಳೆಯುವುದು ಕಷ್ಟ. ಕಾಗಿನೆಲೆಯಲ್ಲಿ ಕನಕ ಗುರುಪೀಠ ಎದ್ದದ್ದು ಅದಕ್ಕೆ ಮೂರು ದಶಕಗಳ ತರುವಾಯ.

ಚಿತ್ರದ ಇನ್ನೊಂದು ಕೊಡುಗೆ ಕಿವಿಯದು. ಅದುವರೆಗೆ ರಾಜಕುಮಾರ್‌ಗೆ ಸಿ.ಎಸ್. ಜಯರಾಮನ್, ಘಂಟಸಾಲ ಮೊದಲಾದವರು ದನಿ ಕೊಟ್ಟಿದ್ದರು. ಒಂದೆರಡು ಕಡೆ ಅವರೇ ಹಾಡಿದ್ದೂ ಉಂಟು: 1956ರ ‘ಓಹಿಲೇಶ್ವರ’ದಲ್ಲಿ, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ. ‘ಭಕ್ತ ಕನಕದಾಸ’ದಲ್ಲಿ ಸಂಗೀತ ನಿರ್ದೇಶಕ ಎಂ. ವೆಂಕಟರಾಜು ನಾಯಕನ ಎಲ್ಲ ಹಾಡುಗಳನ್ನೂ ಪಿ.ಬಿ. ಶ್ರೀನಿವಾಸ್ ಅವರಿಂದ ಹಾಡಿಸಿದರು. ಬಾಗಿಲು ತೆರೆದು ಸೇವೆ ಕೊಡೆಂದು ಹರಿಯನ್ನು ಬೇಡುವ ಕನಕನ ಕೀರ್ತನೆ ಆ ದನಿಯಲ್ಲಿ ಕೇಳಿದ ಮೇಲೆ, ರಾಜಕುಮಾರ್ ಮುಖಕ್ಕೆ ಬೇರೆ ದನಿ ಹೊಂದದು ಎಂದು ಕನ್ನಡ ಕಿವಿ ತೀರ್ಮಾನಿಸಿಬಿಟ್ಟಿತು. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ, ಮನೆಮಾತು ತೆಲುಗು. ಕಾಗಿನೆಲೆಯ ಕವಿ, ಗಾಜನೂರಿನ ನಟ, ಕಾಕಿನಾಡದ ಗಾಯಕ ಮೂವರೂ ಕೂಡಿ ಕೊಟ್ಟ ಆ ಹಾಡು ಇಂದಿಗೂ ಹಾವೇರಿ ಸೀಮೆಯ ಗುಡಿಗಳ ಬೆಳಗಿನ ಮೈಕಿನಲ್ಲಿ ಕೇಳಿಬರುತ್ತದೆ. ನಟ ಮತ್ತು ಗಾಯಕರ ಈ ಜೊತೆ ಹದಿನಾಲ್ಕು ವರ್ಷ ಕನ್ನಡ ಚಿತ್ರಸಂಗೀತವನ್ನು ಆಳಿತು. ಅದರ ಗಟ್ಟಿ ಬುನಾದಿ ಕನಕನ ಪದದ ಮೇಲೆ ಬಿದ್ದದ್ದು ಎಂಬುದನ್ನು ಹಾವೇರಿಯವರು ಎದೆಯುಬ್ಬಿಸಿ ಹೇಳಿಕೊಳ್ಳಬಹುದು.

ಅರವತ್ತರ ದಶಕದ ಮೊದಲ ಅರ್ಧದಲ್ಲಿ ರಾಜಕುಮಾರ್ ಸಂತನ ಮೇಲೆ ಸಂತನಾದರು. 1962ರಲ್ಲಿ ಕಬೀರ, 1963ರಲ್ಲಿ ತುಕಾರಾಮ, 1964ರ ‘ನವಕೋಟಿ ನಾರಾಯಣ’ದಲ್ಲಿ ಪುರಂದರದಾಸ. ಕನಕನೂ ಪುರಂದರನೂ ವ್ಯಾಸರಾಯರ ಶಿಷ್ಯರು, ಸಮಕಾಲೀನರು. ಒಬ್ಬ ಚಿನ್ನದ ಕೊಪ್ಪರಿಗೆ ಬಿಟ್ಟವನು, ಇನ್ನೊಬ್ಬ ನವಕೋಟಿ ಸಂಪತ್ತು ಬಿಟ್ಟವನು. ಇಬ್ಬರನ್ನೂ ಒಬ್ಬನೇ ನಟನಲ್ಲಿ ನೋಡುವ ಭಾಗ್ಯ ಆ ತಲೆಮಾರಿನದು. 1965ರಲ್ಲಿ ಆರೂರು ಪಟ್ಟಾಭಿ ನಿರ್ದೇಶನದಲ್ಲಿ ‘ಸರ್ವಜ್ಞ ಮೂರ್ತಿ’ ಬಂತು. ಹೀಗೆ ಐದೇ ವರ್ಷಗಳಲ್ಲಿ ರಾಜಕುಮಾರ್ ಎರಡನೆಯ ಬಾರಿ ಇಂದಿನ ಹಾವೇರಿ ಜಿಲ್ಲೆಯ ಮಗನಾದರು.

ಸರ್ವಜ್ಞನ ಊರು ಯಾವುದೆಂಬ ಮಾತು ಬಂದರೆ ಹಿರೇಕೆರೂರು ಸೀಮೆಯಲ್ಲಿ ಅಬಲೂರು, ಮಾಸೂರು ಎರಡೂ ಹೆಸರು ಒಟ್ಟಿಗೆ ಬರುತ್ತವೆ. ತಾಯಿಯ ಊರು ಒಂದು, ತಂದೆಯ ಊರು ಒಂದು ಎಂದು ಜನ ಸಮಾಧಾನ ಹೇಳುತ್ತಾರೆ. ಊರೂರು ಅಲೆದು, ಮೂರು ಸಾಲಿನಲ್ಲಿ ಲೋಕವನ್ನೇ ತೂಗಿದ ಅವನ ತ್ರಿಪದಿಗಳನ್ನು ಹಳ್ಳಿ ಹಳ್ಳಿ ತಿರುಗಿ ಕೂಡಿಸಿ, 1924ರಲ್ಲಿ ಅಚ್ಚು ಹಾಕಿಸಿದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಆ ಪುಸ್ತಕ ಬಾರದೆ ಇದ್ದಿದ್ದರೆ ಸರ್ವಜ್ಞ ಚಿತ್ರದ ನಾಯಕನಾಗುವಷ್ಟು ಎಲ್ಲರ ಕವಿಯಾಗುತ್ತಿದ್ದನೋ ಇಲ್ಲವೋ. ಚಿತ್ರವಾಗಿ ‘ಸರ್ವಜ್ಞ ಮೂರ್ತಿ’ ‘ಕನಕದಾಸ’ದ ಎತ್ತರಕ್ಕೆ ಏರಲಿಲ್ಲ ಎಂದೇ ಅನಿಸುತ್ತದೆ. ಕಾರಣ ನಟನಲ್ಲಿಲ್ಲ. ಕನಕನ ಬಾಳಿನಲ್ಲಿ ಕಥೆಯಿದೆ. ಸರ್ವಜ್ಞನ ಬಾಳಿನಲ್ಲಿ ನಮಗೆ ದಕ್ಕಿರುವುದು ಮಾತು ಮಾತ್ರ. ಮಾತನ್ನೇ ಕಥೆ ಮಾಡುವುದು ಸಿನಿಮಾಕ್ಕೆ ಕಷ್ಟದ ಕೆಲಸ. ಆದರೂ ಕಂಬಳಿ ಹೊದ್ದು, ಕಪ್ಪರ ಹಿಡಿದು, ಯಾರ ಹಂಗೂ ಇಲ್ಲದೆ ನಿಂತ ಕವಿಯ ಚಿತ್ರ ಜನರ ಕಣ್ಣಲ್ಲಿ ನಿಂತದ್ದರಲ್ಲಿ ಈ ಚಿತ್ರದ ಪಾಲೂ ಇದೆ. 2009ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡವು. ಕನ್ನಡ ಸಿನಿಮಾಕ್ಕೆ ಎಷ್ಟೋ ವರ್ಷ ಆಸರೆ ಕೊಟ್ಟ ಊರಿನಲ್ಲೇ ಸರ್ವಜ್ಞ ಕಲ್ಲಾಗಿ ನಿಂತದ್ದು ಯೋಗ್ಯವಾದ ಸಂಗತಿ.

ಇದೇ ಜಿಲ್ಲೆಯ ಹಾನಗಲ್ಲು ಕದಂಬರ ರಾಜಧಾನಿಯಾಗಿದ್ದ ಊರು. ತಾರಕೇಶ್ವರ ಗುಡಿ ಆ ವೈಭವಕ್ಕೆ ಸಾಕ್ಷಿ. ಆ ವಂಶದ ಮೂಲಪುರುಷನ ಕಥೆ, ದೇವುಡು ಅವರ ಕಾದಂಬರಿ ಆಧರಿಸಿದ ‘ಮಯೂರ’, 1975ರಲ್ಲಿ ಬಂದಾಗ ಹಾನಗಲ್ಲಿನವರು ಅದನ್ನು ತಮ್ಮ ಕಥೆಯೆಂದೇ ನೋಡಿದ್ದರೆ ಆಶ್ಚರ್ಯವಿಲ್ಲ. ಆದರೆ ಅದಕ್ಕೆ ಒಂದು ವರ್ಷ ಮೊದಲು ಬಂದ ಚಿತ್ರ ರಾಜಕುಮಾರ್ ಬಾಳಿಗೆ ಹೆಚ್ಚು ಮುಖ್ಯ.

1974ರ ಆ ಚಿತ್ರ ‘ಸಂಪತ್ತಿಗೆ ಸವಾಲ್’. ಕಥೆ ಹುನಗುಂದ ತಾಲ್ಲೂಕಿನ ಸೂಳೇಭಾವಿಯ ನಾಟಕಕಾರ ಪಿ.ಬಿ. ಧುತ್ತರಗಿಯವರದು. ಉತ್ತರ ಕರ್ನಾಟಕದ ಜಾತ್ರೆ ಜಾತ್ರೆಯಲ್ಲಿ ಕಂಪನಿಗಳು ಆಡಿ, ಹಣ ಗಳಿಸಿ, ಹೆಸರು ಮಾಡಿದ ನಾಟಕ ಅದು. ಎ.ವಿ. ಶೇಷಗಿರಿರಾವ್ ಅದನ್ನು ಚಿತ್ರ ಮಾಡಿದಾಗ ಊರು, ಮಾತು, ನಡೆ ಎಲ್ಲ ಹಳೆ ಮೈಸೂರಿನದಾದವು. ನಾಟಕವನ್ನು ಅದರ ಮೂಲ ಮಾತಿನ ಸೊಗಡಿನಲ್ಲಿ ಕೇಳಿದ್ದವರಿಗೆ ಅದೊಂದು ನಷ್ಟವೇ. ಆದರೂ ಕಥೆಯ ಗಟ್ಟಿತನ ಹಾಗೇ ಉಳಿದಿತ್ತು. ಹಣದ ಸೊಕ್ಕಿಗೆ ಬಡವನೊಬ್ಬ ಎದೆಯೊಡ್ಡುವ ಕಥೆಗೆ ಸೀಮೆಯ ಗಡಿ ಏನು? ಈ ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ರಾಜಕುಮಾರ್ ಸ್ವತಃ ಹಾಡಿದರು. ಎಮ್ಮೆಯ ಮೇಲೆ ಕೂತು ಹಾಡುವ ಆ ಹಾಡು ಗೊತ್ತಿಲ್ಲದ ಕನ್ನಡಿಗ ಇಲ್ಲ. ಅಲ್ಲಿಂದಾಚೆಗೆ ಅವರ ಪಾತ್ರಗಳಿಗೆ ಹೆಚ್ಚಾಗಿ ಅವರದೇ ಕಂಠ. ಕನಕನ ಪದದಿಂದ ನೆಲೆಗೊಂಡ ಇನ್ನೊಬ್ಬರ ದನಿಯ ಕಾಲ, ಉತ್ತರ ಕರ್ನಾಟಕದ ಕಂಪನಿ ನಾಟಕವೊಂದರ ಮೂಲಕವೇ ಮುಗಿದು ನಟ ತನ್ನ ದನಿಗೆ ಮರಳಿದ. ಗುಬ್ಬಿ ಕಂಪನಿಯ ಹುಡುಗನಿಗೆ ಹಾಡುವುದು ಹೊಸದೇನಲ್ಲ. ಆದರೆ ನಲವತ್ತೈದರ ಹತ್ತಿರದ ನಾಯಕನಟ ತನ್ನ ಕಂಠ ನಂಬಿ ನಿಲ್ಲುವುದಕ್ಕೆ ಎದೆ ಬೇಕು.

ಆ ಕಂಠಕ್ಕೆ ನಾಡಿನ ಕೆಲಸ ಬಂದದ್ದು 1982ರಲ್ಲಿ.

ಹಿನ್ನೆಲೆಯನ್ನು ಸವಣೂರಿನಿಂದಲೇ ಹೇಳಬೇಕು. ನವಾಬರ ಊರಾದ ಸವಣೂರಿನಲ್ಲಿ 1909ರ ಆಗಸ್ಟ್ 9ರಂದು ಹುಟ್ಟಿದ ವಿ.ಕೃ. ಗೋಕಾಕರು ಧಾರವಾಡದಲ್ಲಿ ಓದಿ, ಆಕ್ಸ್‌ಫರ್ಡಿಗೆ ಹೋಗಿ, ಇಂಗ್ಲಿಷ್ ಪ್ರಾಧ್ಯಾಪಕರಾಗಿ, ‘ವಿನಾಯಕ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ನವ್ಯದ ಗಾಳಿ ತಂದವರು. ಶಾಲೆಯಲ್ಲಿ ಕನ್ನಡದ ಸ್ಥಾನವೇನು ಎಂಬುದನ್ನು ತೀರ್ಮಾನಿಸಲು ಸರ್ಕಾರ 1980ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 1981ರ ಜನವರಿಯಲ್ಲಿ ಬಂದ ವರದಿಯ ತಿರುಳು ಇಷ್ಟು: ಪ್ರೌಢಶಾಲೆಯಲ್ಲಿ ಕನ್ನಡ 150 ಅಂಕಗಳ ಏಕೈಕ ಪ್ರಥಮ ಭಾಷೆಯಾಗಬೇಕು. ವರದಿ ಜಾರಿಯಾಗದೆ ಉಳಿಯಿತು. ಧಾರವಾಡ, ಬೆಂಗಳೂರಿನ ಸಾಹಿತಿಗಳು, ಹೋರಾಟಗಾರರು ಬೀದಿಗಿಳಿದರು, ಉಪವಾಸ ಕೂತರು. ಆದರೆ ಚಳವಳಿ ಹಳ್ಳಿಯ ಮನೆಯೊಳಗೆ ಹೋಗಿದ್ದು ರಾಜಕುಮಾರ್ ಅದಕ್ಕೆ ಧುಮುಕಿದ ಮೇಲೆ. ರಾಜಕೀಯದಿಂದ ಸದಾ ದೂರ ನಿಂತ ನಟ ಚಿತ್ರರಂಗದವರನ್ನು ಕಟ್ಟಿಕೊಂಡು ಬೆಳಗಾವಿಯಿಂದ ಹಿಡಿದು ಊರೂರಿನಲ್ಲಿ ಸಭೆ ನಡೆಸಿದರು. ಸೇರಿದ ಜನಸಾಗರವನ್ನು ಕಂಡು ಗುಂಡೂರಾವ್ ಸರ್ಕಾರ ಕನ್ನಡಕ್ಕೆ ಮೊದಲ ಸ್ಥಾನ ಕೊಡಲು ಒಪ್ಪಲೇಬೇಕಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಗೋಕಾಕರು ಪಂಡಿತರು, ಇಂಗ್ಲಿಷಿನಲ್ಲಿ ಪಾಠ ಹೇಳಿದವರು. ರಾಜಕುಮಾರ್ ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದವರು. ಒಬ್ಬರು ಬರೆದ ವರದಿಗೆ ಇನ್ನೊಬ್ಬರು ದನಿಯಾದರು. ಕನಕನ ಕೀರ್ತನೆ, ಸರ್ವಜ್ಞನ ತ್ರಿಪದಿ, ಪುರಂದರನ ಪದ ಇವೆಲ್ಲವನ್ನೂ ಇಪ್ಪತ್ತು ವರ್ಷ ಪರದೆಯ ಮೇಲೆ ನುಡಿದ ನಾಲಗೆ ಅದು. ಆ ನಾಲಗೆಯ ಮೇಲೆ ಜನಕ್ಕಿದ್ದ ನಂಬಿಕೆ ಚುನಾವಣೆಯ ಭಾಷಣದಿಂದ ಬಂದದ್ದಲ್ಲ, ಈ ಪಾತ್ರಗಳಿಂದ ಬಂದದ್ದು. ಭಕ್ತಿಚಿತ್ರಗಳನ್ನು ಹಳೆಯ ಕಾಲದ ಸರಕೆಂದು ಬದಿಗಿಡುವ ವಿಮರ್ಶಕರು 1982ನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಗೋಕಾಕರಿಗೆ 1990ರ ಜ್ಞಾನಪೀಠ ಬಂತು, ರಾಜಕುಮಾರ್‌ಗೆ 1995ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ. ಅವರಿಬ್ಬರ ಹೆಸರು ಒಟ್ಟಾಗಿ ನಿಲ್ಲುವುದು ಮಾತ್ರ ಆ ಚಳವಳಿಯ ನೆನಪಿನಲ್ಲಿ.

ಹಾವೇರಿ ನೆಲದ ಇನ್ನಿಬ್ಬರು ದೊಡ್ಡವರು ಪರದೆಗೆ ಬಂದಾಗ ಕಾಲ ಬದಲಾಗಿತ್ತು, ನಟರೂ ಬದಲಾಗಿದ್ದರು. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫಸಾಹೇಬರ ಕಥೆಯನ್ನು ಟಿ.ಎಸ್. ನಾಗಾಭರಣ 1990ರಲ್ಲಿ ‘ಸಂತ ಶಿಶುನಾಳ ಶರೀಫ’ವೆಂದು ತೆರೆಗೆ ತಂದರು. ಶರೀಫನಾದವರು ನೃತ್ಯಪಟು ಶ್ರೀಧರ್. ಕಳಸದ ಗುರು ಗೋವಿಂದಭಟ್ಟರಾದವರು ಗಿರೀಶ ಕಾರ್ನಾಡ. ಸಿ. ಅಶ್ವತ್ಥರ ಸಂಗೀತ ಆ ತತ್ವಪದಗಳನ್ನು ಮನೆಮನೆಗೆ ಮುಟ್ಟಿಸಿತು. ಮಾತು ಬರೆದವರು ಈ ಕಡೆಯ ನುಡಿಯ ಲಯವನ್ನು ಉಸಿರಾಡಿ ಬೆಳೆದ ಗೋಪಾಲ ವಾಜಪೇಯಿ. ಕನಕ, ಸರ್ವಜ್ಞರು ಪರದೆಯ ಮೇಲೆ ಗ್ರಾಂಥಿಕ ಕನ್ನಡವಾಡಿದರು, ಶರೀಫ ತನ್ನ ಊರಿನ ಕನ್ನಡವಾಡಿದ. ಮೂವತ್ತು ವರ್ಷಗಳಲ್ಲಿ ಕನ್ನಡ ಸಿನಿಮಾ ನಡೆದ ದೂರ ಅಷ್ಟು. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಆ ಚಿತ್ರಕ್ಕೆ ಬಂತು.

ಇನ್ನೊಬ್ಬರು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಪಂಚಾಕ್ಷರಿ ಗವಾಯಿಗಳು. ಹುಟ್ಟುಕುರುಡರಾಗಿ, ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು, ತಮ್ಮಂತೆ ಕಣ್ಣಿಲ್ಲದ ಮಕ್ಕಳಿಗೆ ವಿದ್ಯೆ, ಅನ್ನ ಎರಡನ್ನೂ ಕೊಟ್ಟವರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಅವರು ಕಟ್ಟಿದ್ದು. ಅದನ್ನು ಬೆಳೆಸಿದವರು ಅವರ ಶಿಷ್ಯ, ಇದೇ ಜಿಲ್ಲೆಯ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು. ಆಶ್ರಮದ ಮಕ್ಕಳ ಹೊಟ್ಟೆ ತುಂಬಿಸಲು ಪುಟ್ಟರಾಜರು ನಾಟಕ ಬರೆದು, ನಾಟಕ ಕಂಪನಿಯನ್ನೇ ನಡೆಸಿದರು ಎಂಬುದನ್ನು ನೆನೆದರೆ ಈ ಸೀಮೆಯಲ್ಲಿ ರಂಗಭೂಮಿ ಏನೇನು ಭಾರ ಹೊತ್ತಿತ್ತು ಎಂದು ತಿಳಿಯುತ್ತದೆ. 1995ರಲ್ಲಿ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರವನ್ನು ನಿರ್ದೇಶಿಸಿದವರೂ ಕಂಪನಿ ನಾಟಕದ ಮನೆತನದವರೇ, ದಾವಣಗೆರೆಯ ಚಿಂದೋಡಿ ಬಂಗಾರೇಶ್. ಹಂಸಲೇಖ ಅವರಿಗೆ ಸಂಗೀತ ನಿರ್ದೇಶನದ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿಯನ್ನು ಅದು ತಂದುಕೊಟ್ಟಿತು. ಅದಕ್ಕೆ ಮೂರು ವರ್ಷ ಮೊದಲು, 1992ರ ‘ಜೀವನ ಚೈತ್ರ’ದಲ್ಲಿ ತೋಡಿ ರಾಗದ ಹಾಡಿಗೆ ಅದೇ ಗಾಯನ ಪ್ರಶಸ್ತಿ ಪಡೆದವರು ರಾಜಕುಮಾರ್.

ಈ ಜಿಲ್ಲೆ ಸ್ವತಃ ಕೊಟ್ಟ ನಾಯಕನಟರ ಪಟ್ಟಿ ಉದ್ದವಿಲ್ಲ. ಹಿರೇಕೆರೂರಿನ ಬಿ.ಸಿ. ಪಾಟೀಲರು ಪೊಲೀಸ್ ಇಲಾಖೆಯಲ್ಲಿದ್ದು ಚಿತ್ರರಂಗಕ್ಕೆ ಬಂದರು. 1993ರ ‘ನಿಷ್ಕರ್ಷ’, 1998ರ ‘ಕೌರವ’ ಅವರ ಹೆಸರನ್ನು ನಿಲ್ಲಿಸಿದವು. ಆಮೇಲೆ ಶಾಸಕರಾಗಿ, ರಾಜ್ಯದ ಕೃಷಿ ಸಚಿವರೂ ಆದರು. ನಾಟಕದ ಊರೆಂದೇ ಹೆಸರಾದ ಹಾನಗಲ್ಲ ತಾಲ್ಲೂಕಿನ ಶೇಷಗಿರಿಯಲ್ಲಿ ಈಗಲೂ ಹೊಲದ ಕೆಲಸ ಮುಗಿಸಿ ಬಂದವರು ರಂಗತಾಲೀಮಿಗೆ ನಿಲ್ಲುತ್ತಾರೆ. ನಟನೆಯ ಹಸಿವು ಇಲ್ಲಿ ಬತ್ತಿಲ್ಲ; ಅದಕ್ಕೆ ಕ್ಯಾಮೆರಾ ಸಿಗುವುದು ತಡವಾಗಿದೆ.

2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ದೊಡ್ಡರಂಗೇಗೌಡರು. ಕವಿ, ಪ್ರಾಧ್ಯಾಪಕರಾಗಿರುವುದರ ಜೊತೆಗೆ ಅವರು ‘ಪರಸಂಗದ ಗೆಂಡೆತಿಮ್ಮ’ದಂಥ ಚಿತ್ರಗಳಿಗೆ ಹಾಡು ಬರೆದವರು. ಸಿನಿಮಾ ಹಾಡು ಬರೆದವರೊಬ್ಬರು ಕನಕ, ಸರ್ವಜ್ಞ, ಶರೀಫರ ಜಿಲ್ಲೆಯಲ್ಲಿ ಸಾಹಿತ್ಯದ ಅತಿ ದೊಡ್ಡ ಪೀಠದಲ್ಲಿ ಕೂತದ್ದು ಸರಿಯಾದ ಜಾಗದಲ್ಲಿ ಆದ ಸರಿಯಾದ ಕೆಲಸ. ಕವಿತೆಗೂ ಸಿನಿಮಾಕ್ಕೂ ಇಲ್ಲಿ ಮೊದಲಿನಿಂದಲೂ ನಂಟು.

ಬಾಡದಲ್ಲಿ ಕನಕನ ಅರಮನೆಯನ್ನು ಮತ್ತೆ ಕಟ್ಟಿ ನಿಲ್ಲಿಸಲಾಗಿದೆ. ಕಾಗಿನೆಲೆಗೆ ಅಭಿವೃದ್ಧಿ ಪ್ರಾಧಿಕಾರವಿದೆ, ಶಾಲಾ ಮಕ್ಕಳ ಪ್ರವಾಸದ ಬಸ್ಸುಗಳು ಬರುತ್ತವೆ. ಕಲ್ಲು, ಕೊಳ, ಉದ್ಯಾನ ನೋಡಿ ಹೋಗುವ ಆ ಮಕ್ಕಳಿಗೆ ಕನಕನ ಪದ ಪರದೆಯಿಂದ ಕೇಳುವಂತಾಗಬೇಕು. ಪ್ರತಿ ಕನಕ ಜಯಂತಿಗೆ ಕಾಗಿನೆಲೆಯಲ್ಲಿ ‘ಭಕ್ತ ಕನಕದಾಸ’, ಸರ್ವಜ್ಞ ಜಯಂತಿಗೆ ಮಾಸೂರಿನಲ್ಲಿ ‘ಸರ್ವಜ್ಞ ಮೂರ್ತಿ’, ಶಿಶುನಾಳದ ಜಾತ್ರೆಯಲ್ಲಿ ‘ಸಂತ ಶಿಶುನಾಳ ಶರೀಫ’ ತಪ್ಪದೆ ತೋರಿಸಲಿ. ಅವುಗಳ ಒಳ್ಳೆಯ ಪ್ರತಿಗಳನ್ನು ಹುಡುಕಿ, ಕಾಪಾಡಿ ಇಡುವ ಕೆಲಸವನ್ನು ಜಿಲ್ಲಾಡಳಿತವೋ, ಪ್ರಾಧಿಕಾರವೋ, ಊರಿನ ಉಳ್ಳವರೋ ಯಾರಾದರೂ ಕೈಗೆತ್ತಿಕೊಳ್ಳಲಿ. ನಟ, ಗಾಯಕ, ನಿರ್ದೇಶಕರ ಹೆಸರಿರುವ ಒಂದು ಫಲಕವನ್ನು ಬಾಡದ ಅರಮನೆಯಲ್ಲಿ ಹಾಕುವುದಕ್ಕೆ ಹೆಚ್ಚು ಖರ್ಚೂ ಬೇಕಿಲ್ಲ. ಹಾವೇರಿಯ ಓದುಗರು ಈ ಬೇಡಿಕೆಯನ್ನು ತಮ್ಮದೆಂದು ತಿಳಿದು, ಮುಂದಿನ ಕನಕ ಜಯಂತಿಯ ಪೂರ್ವಸಭೆಯಲ್ಲೇ ಎತ್ತಬೇಕು.